ರನ್‌ವೇ ಉತ್ತ ಕಾಡುಹಂದಿ

ಆ ಕಾಡುಹಂದಿ ಸೆಪಿಕ್ ನದಿಯ ಈ ದಡದಲ್ಲಿ ಮುಂಗಾಲು, ಆ ದಡದಲ್ಲಿ ಹಿಂಗಾಲು ಊರಿ ನಿಂತು ನೀರು ಕುಡಿದರೆ ಕೆಳಗಿನ ಊರುಗಳ ಮೀನುಗಳೆಲ್ಲ ಒಣನೆಲದಲ್ಲಿ ಹೊರಳಾಡಬೇಕು, ಅಷ್ಟು ದೊಡ್ಡದು. ಹಾಗಂತ ಬಿಲ್ಸೆಪ್ ಬೆಳ್ಳಂಬೆಳಗ್ಗೆ ಹುಲ್ಲಿನ ರನ್‌ವೇ ನಡುವೆ ನಿಂತು ಸಾರಿದ. ಹುಲ್ಲು ಸವರಲು ಕತ್ತಿ ಹಿಡಿದು ಬಂದಿದ್ದ ಊರಿನವರು ಅವನ ಕಾಲಬುಡದ ಗುಂಡಿಗಳನ್ನು ನೋಡಿ ಬಾಯಿಬಿಟ್ಟುಕೊಂಡು ನಿಂತರು. ನೆಲ ನೇಗಿಲು ಹೊಡೆದಂತೆ ಎದ್ದಿತ್ತು.

ಅವತ್ತು ವಿಮಾನ ಬರುವ ದಿನ. ಬಿಲ್ಸೆಪ್‌ನ ತಾಯಿ ತಬುಬಿಲ್ ಪಟ್ಟಣದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ವಾಪಸು ಬರುತ್ತಿದ್ದಳು. ಮೊಮ್ಮಗಳ ಮುಖವನ್ನು ಇದುವರೆಗೆ ಬೆರಳಲ್ಲಿ ಮುಟ್ಟಿ ತಿಳಿದವಳು ಇವತ್ತು ಕಣ್ಣಾರೆ ನೋಡುವವಳಿದ್ದಳು. ಅದಕ್ಕಾಗಿ ಸಭೆಯವರು ಚರ್ಚಿನ ಸೂರು ಮೇಲೇಳುವಷ್ಟು ಜೋರಾಗಿ ಪ್ರಾರ್ಥಿಸಿದ್ದರು.

"ಅದು ನೆಲ ಅಗೀವಾಗ ನೀನು ಏನ್ ಮಾಡ್ದೆ?" ಸೋದರಮಾವ ತಿಗಿಯೋಕ್ ಕೇಳಿದ.

"ಕೈಲಿ ಬಿಲ್ಲಿಲ್ಲ, ಕತ್ತಿಯಿಲ್ಲ ಮಾವ. ಒಂದ್ಸಲ ಕೆಮ್ಮಿದೆ. ಹೆದರಿ ಓಡ್ತು."

"ಕೆಮ್ಮಿದ್ದಕ್ಕಾ? ನೀನು ಹಾಡಿದ್ರೆ ಸತ್ತೇ ಹೋಗ್ತಿತ್ತು ಬಿಡು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಗಂಡಸರಿಗೆ ನಗಲು ಪುರಸೊತ್ತಿರಲಿಲ್ಲ. ಮುದುಕಿಯ ಸ್ವಾಗತದ ಊಟಕ್ಕೆ ಬೆಟ್ಟದಂಥ ಹಂದಿ ತಾನಾಗಿ ಬಂದಿದೆ ಎಂದು ಬಿಲ್ಲುಬಾಣಗಳಿಗೆ ಓಡಿದರು. ಪಾಸ್ಟರ್ ಯೊನಾಸ್ ಅವಸರದಲ್ಲೇ ಕಣ್ಣು ಮುಚ್ಚಿ, ಬಿಲ್ಸೆಪ್‌ನನ್ನು ಕೋರೆಹಲ್ಲಿನ ಬಾಯಿಂದ ಉಳಿಸಿದ ದೇವರಿಗೆ ಸ್ತೋತ್ರ ಹೇಳಿದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವನು ಬಿಲ್ಸೆಪ್. ಬೇಟೆಗಾರರು ಕೂಗಾಡುತ್ತ ಕಾಡು ಹೊಕ್ಕರು.

ಉಳಿದವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಗುಂಡಿಗೆ ಸುರಿಯಲು ಹೊರಟಾಗ ಪಾಸ್ಟರ್ ಮಾತ್ರ ದಾದಿಯ ಮನೆಯ ಕಡೆ ನಡೆದರು. ಊರಿನ ವೈರ್‌ಲೆಸ್ ಇದ್ದದ್ದು ಅಲ್ಲಿ.

"ಎಲ್ಲಿಗೆ ಪಾಸ್ಟ್ರೇ?" ಬಿಲ್ಸೆಪ್ ಕೇಳಿದ.

"ಇವತ್ತು ವಿಮಾನ ಬೇಡ ಅಂತ ಹೇಳಕ್ಕೆ. ಗುಂಡಿ ಮುಚ್ಚಬಹುದಪ್ಪ. ಅಂಥಾ ಪ್ರಾಣಿ ಇಳಿಯೋ ವಿಮಾನಕ್ಕೆ ಅಡ್ಡ ಬಂದ್ರೆ? ನಿಮ್ಮಮ್ಮ ಒಳಗಿರ್ತಾಳೆ."

ಇವತ್ತು ತಪ್ಪಿದರೆ ಮುಂದಿನ ವಿಮಾನ ಯಾವಾಗಲೋ. ಮೋಡ ಕಣಿವೆಗೆ ಇಳಿದರೆ ವಾರಗಟ್ಟಲೆ ಕದಲುವುದಿಲ್ಲ. ಬಿಲ್ಸೆಪ್ ಪಾಸ್ಟರ್ ಹಿಂದೆ ಓಡಿದ.

"ಅಷ್ಟೇನೂ ದೊಡ್ಡದಲ್ಲ ಪಾಸ್ಟ್ರೇ ಅದು. ನದಿ ಅಂದ್ನಲ್ಲ, ಅದೊಂದು ಸಣ್ಣ ತೊರೆ ಅಂತಿಟ್ಕೊಳಿ."

"ತೊರೆ ದಾಟೋ ಹಂದಿನೂ ವಿಮಾನ ಉರುಳಿಸುತ್ತೆ."

"ನಿಜ ಹೇಳ್ಬೇಕಂದ್ರೆ, ನಿಮ್ಮ ಸೊಂಟದಷ್ಟು ಎತ್ತರ."

"ಆಗ್ಲೂ ಹಂದಿನೇ ತಾನೆ?" ಪಾಸ್ಟರ್ ನಡಿಗೆ ನಿಧಾನವಾಗಲಿಲ್ಲ.

"ಕೋರೆ ಇಲ್ಲ."

"ಕೋರೆ ಇಲ್ಲದ ಕಾಡುಗಂಡು?"

"ಗಂಡು ಅಂತ ನಾನೆಲ್ಲಿ ಅಂದೆ? ಕತ್ತಲು ನೋಡಿ. ಹೆಣ್ಣಿರಬಹುದು. ಸ್ವಲ್ಪ... ಬಸುರಿ ಇದ್ದ ಹಾಗಿತ್ತು."

ಪಾಸ್ಟರ್ ದಾದಿಯ ಮನೆಯ ಮೆಟ್ಟಿಲು ಹತ್ತಿದರು. ಒಳಗೆ ವೈರ್‌ಲೆಸ್ ಗರಗರ ಅನ್ನುತ್ತಿತ್ತು. ವಿಮಾನ ಹೊರಟಿದೆ, ನಿಮ್ಮಲ್ಲಿ ಹವಾ ಹೇಗಿದೆ ಎಂದು ಆ ಕಡೆಯ ದನಿ ಕೇಳಿತು. ಪಾಸ್ಟರ್ ಮೈಕು ಎತ್ತಿಕೊಂಡರು.

ಸಾಕಿದ್ದಾದರೂ ಸರಿ, ರನ್‌ವೇ ಮೇಲೆ ಕಂಡ ಹಂದಿಗೆ ಬಾಣ, ಮಾಂಸ ಊರಿಗೆ, ಒಡೆಯನಿಗೆ ಬರೀ ವಾಸನೆ. ಇದು ಕಣಿವೆಯ ಕಟ್ಟಳೆ. ಗುಂಡಿ ತೋಡಿದ ಆ ಹಂದಿಯನ್ನು ಅವನ ಹೆಂಡತಿ ವಾನಿಯೋಕ್ ಮರಿಯಿದ್ದಾಗಿನಿಂದ ಗೆಣಸು ಅಗಿದು ಬಾಯಿಗಿಟ್ಟು ಸಾಕಿದ್ದಳು. ಬಿಲ್ಸೆಪ್‌ನ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು.

"ನಮ್ಮನೇದು ಅದು. ಕಾಡುಹಂದಿ ಅಲ್ಲ. ವಿಮಾನ ಬರ್ಲಿ."

ಪಾಸ್ಟರ್ ಅವನನ್ನೇ ದಿಟ್ಟಿಸಿ, ಮೈಕಿನಲ್ಲಿ ಹೇಳಿದರು: "ಹವಾ ಚೆನ್ನಾಗಿದೆ. ರನ್‌ವೇ ಸರಿ ಮಾಡ್ತಿದ್ದೀವಿ. ನೀವು ಬರೋ ಹೊತ್ತಿಗೆ ಗಟ್ಟಿಯಾಗಿರುತ್ತೆ." ಮೈಕು ಕೆಳಗಿಟ್ಟು, "ದೇವರಿಗೆ ಸ್ತೋತ್ರ ಹೇಳಿಸ್ಬಿಟ್ಯಲ್ಲಯ್ಯ ನನ್ ಕೈಲಿ," ಎಂದರು. "ಆಮೆನ್ ಬೇರೆ ಅಂದೆ."

"ತಪ್ಪಾಯ್ತು ಪಾಸ್ಟ್ರೇ. ಹಂದಿ..."

"ಮರಿ ಹಾಕೋತನಕ ಯಾರೂ ಬಾಣ ಎತ್ತಲ್ಲ. ಆಮೇಲೆ ಹಿರಿಯರು ಕೂತು ಮಾತಾಡ್ತೀವಿ. ಈಗ ಹೋಗಿ ಮಣ್ಣು ಹೊರು."

ತಿರುಗಿದರೆ ಬಾಗಿಲಲ್ಲಿ ವಾನಿಯೋಕ್, ಮಗು ಮಲಗಿದ್ದ ನೂಲಿನ ಚೀಲವನ್ನು ಹಣೆಯಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ನಿಂತಿದ್ದಳು.

"ಮೂತಿಗೆಲ್ಲ ಕೆಸರು ಮೆತ್ಕೊಂಡು ಒಲೆ ಪಕ್ಕ ಮಲಗಿದೆ ನಿನ್ ಬೆಟ್ಟ," ಅಂದಳು. "ಬೇಲಿ ಬಾಗಿಲ ಅಡ್ಡಗೋಲು ರಾತ್ರಿ ನಾನೇ ಹಾಕಿದ್ದೆ. ತೆಗೆದಿದ್ಯಾರು?"

"ಗಾಳಿ ಇತ್ತಲ್ಲ..."

"ಗಾಳಿ."

"ಮೂರು ಮರ ಬಿದ್ವು ಕಣೆ ಆ ಗಾಳಿಗೆ."

"ಯಾವ ಮೂರು? ನಡಿ, ತೋರ್ಸು."

ಪಾಸ್ಟರ್ ಕೂಡ ಮರಗಳನ್ನು ನೋಡಲು ಹೊರಟರು. ಹೊರಗೆ ಹೆಂಗಸರು ಗುಂಡಿ ತುಳಿದು ಗಟ್ಟಿ ಮಾಡುತ್ತ ಹಾಡು ಶುರು ಮಾಡಿದ್ದರು. ಕಣಿವೆಯಲ್ಲಿ ಬೇಲಿಯ ಒಂದು ಕಡ್ಡಿಯೂ ಅಲುಗಿರಲಿಲ್ಲ.

"ನಾನೇ ತೆಗ್ದೆ," ಅಂದ ಬಿಲ್ಸೆಪ್. ದನಿ ಎಷ್ಟು ಸಣ್ಣದಾಯಿತೆಂದರೆ ಹೆಂಡತಿ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. "ನಿದ್ದೆ ಬರ್ಲಿಲ್ಲ. ಅಮ್ಮ ಬರೋ ಆಕಾಶ ಹೇಗಿದೆ ನೋಡೋಣ ಅಂತ ಕತ್ತಲಲ್ಲೇ ಎದ್ದು ಹೋದೆ. ಅಡ್ಡಗೋಲು ವಾಪಸ್ ಹಾಕ್ಲಿಲ್ಲ. ಅದು ನಾಯಿಮರಿ ಥರ ಹಿಂದೇನೇ ಬಂದಿದೆ. ನಾನು ಮೇಲೆ ನೋಡ್ತಾ ನಿಂತಿದ್ದೆ, ಅದು ಕೆಳಗೆ ಅಗೀತಾ ಇತ್ತು. ಕೆಮ್ಮಿದ್ದು ನಿಜ. ಕೆಮ್ಮಿದ್ರೆ ಅದು ಬಂದು ನನ್ನ ಕಾಲು ಮೂಸ್ತು."