ತಣ್ಣಗಾದ ಬಾಟಲಿ

ಪ್ರಯೋಗಾಲಯದ ಬಾಗಿಲು ತೆಗೆದದ್ದೇ ತಡ, ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೆಚ್ಚಗಿನ ಪೆಟ್ಟಿಗೆಯೊಳಗೆ ಇರಬೇಕಾದ, ಮಲೇರಿಯಾ ರೋಗಾಣು ಬೆಳೆಸಿದ ರಕ್ತದ ಬಾಟಲಿ, ಮುಚ್ಚಳ ಬಿಚ್ಚಿಸಿಕೊಂಡು ಏಸಿ ಗಾಳಿಗೆ ಮೇಜಿನ ಮೇಲೆ ಕೂತಿತ್ತು. ಅಲ್ಲಿಯವರೆಲ್ಲ ಅಕ್ಕ ಅಂತಲೇ ಕರೆಯುವ ಅವಳು, ಎರಡು ವಾರ ಕೂಸಿನ ಹಾಗೆ ನೋಡಿಕೊಂಡ ಬಾಟಲಿ ಅದು. ಇವತ್ತು ಅದನ್ನು ಸೊಳ್ಳೆಗಳಿಗೆ ಕುಡಿಸಿ ಹೊಸ ಔಷಧಿಯನ್ನು ಪರೀಕ್ಷಿಸಬೇಕಿತ್ತು.

ಯಾರ ಘನಕಾರ್ಯ ಅಂತ ಕೇಳಬೇಕೆ? ದೊಡ್ಡವರದು. ಸಂಸ್ಥೆಯ ಯಜಮಾನರು ಅತಿಥಿಗಳಿಗೆ ತೋರಿಸಲು ತೆಗೆದು, ಮಾತಿನ ಭರದಲ್ಲಿ ಅಲ್ಲೇ ಮರೆತು, ಅವರನ್ನು ಕಾಫಿಗೆ ಕರೆದುಕೊಂಡು ಹೋಗಿದ್ದರು. ಎರಡು ವಾರದ ದುಡಿಮೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮಲೇರಿಯಾ ರೋಗಾಣುವಿನಲ್ಲೂ ಗಂಡು-ಹೆಣ್ಣು ಉಂಟು. ಮನುಷ್ಯನ ಬಿಸಿರಕ್ತದಲ್ಲಿ ಇರುವ ತನಕ ಎರಡೂ ತೆಪ್ಪಗಿರುತ್ತವೆ. ಸೊಳ್ಳೆಯ ಹೊಟ್ಟೆ ಸೇರಿ, ತಣ್ಣಗಾದ ಮೇಲೇ ಗಂಡು ಸಿಡಿದೆದ್ದು ಹೆಣ್ಣನ್ನು ಕೂಡುವುದು, ರೋಗ ಇನ್ನೊಬ್ಬರ ಮನೆಗೆ ಹೊರಡುವುದು. ಅದಕ್ಕೇ ಇಲ್ಲಿ ರಕ್ತ ಹೀರಿ ತೆಗೆಯುವ ಪಿಪೆಟ್ಟು ಕೊಳವೆಯನ್ನೂ ಬೆಚ್ಚಗೆ ಮಾಡಿಯೇ ಮುಟ್ಟುತ್ತಾರೆ. ಅಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಗಂಡುಗಳೆಲ್ಲ ಬಾಟಲಿಯಲ್ಲೇ ಸಿಡಿದು, ಬಡಿದಾಡಿ, ಸುಸ್ತಾಗಿದ್ದವು. ಇನ್ನು ಈ ರಕ್ತ ಕುಡಿದ ಯಾವ ಸೊಳ್ಳೆಗೂ ರೋಗ ಹತ್ತುವುದಿಲ್ಲ.

ಅಷ್ಟರಲ್ಲಿ ದೊಡ್ಡವರು ಒಳಗೆ ಬಂದರು. ಅಕ್ಕ ಹೇಳಿದ್ದನ್ನು ಕೇಳಿ ಅವರಿಗೆ ಏನೂ ಅನ್ನಿಸಲಿಲ್ಲ.

"ಹತ್ತದಿದ್ರೆ ಒಳ್ಳೇದೇ ಆಯ್ತಲ್ಲಮ್ಮ. ಔಷಧಿ ಬೆರೆಸಿ ಕುಡಿಸು, ಔಷಧಿ ಗೆದ್ದಿತು ಅಂತ ಬರಿ."

ಔಷಧಿ ಬೆರೆಸದ ರಕ್ತ ಕುಡಿಸಿ ಹೋಲಿಸಿ ನೋಡುವುದನ್ನು ಈ ಸಲಕ್ಕೆ ಬಿಟ್ಟುಬಿಡು ಅಂತಲೂ ಅಂದರು; ಹೋಲಿಸಿದರೆ ಬಣ್ಣ ಬಯಲಾಗುತ್ತದಲ್ಲ. ಎಂಥ ಭಂಡತನ! ಕಳ್ಳನಾದರೂ ಕತ್ತಲೆ ನೋಡಿಕೊಂಡು ಕದಿಯುತ್ತಾನೆ.

ಅಕ್ಕನಿಗೆ ತನ್ನ ಮನೆ ನೆನಪಾಯಿತು. ಗಂಡನಿಗೆ ಮಲೇರಿಯಾ ಜ್ವರ ಬಿಟ್ಟ ದಿನ, ಗೆದ್ದೆವು ಅಂತ ಎಲ್ಲರೂ ನಕ್ಕಿದ್ದರು. ಜ್ವರ ಬಿಟ್ಟರೂ ಅವನ ರಕ್ತದಲ್ಲಿ ಗಂಡು-ಹೆಣ್ಣು ಕೂತೇ ಇದ್ದವು. ಅವನನ್ನು ಕಚ್ಚಿದ ಸೊಳ್ಳೆ ಆಮೇಲೆ ಪಕ್ಕದಲ್ಲಿ ಮಲಗುವ ಮಗಳನ್ನೂ ಕಚ್ಚಿತು. ಗಂಡ ಉಳಿದ, ಮಗಳು ಉಳಿಯಲಿಲ್ಲ. ಆ ದಾಟುವಿಕೆಯನ್ನು ತಡೆಯುವ ಔಷಧಿ ಇದು. ಇದೇ ಸುಳ್ಳಾದರೆ ಇನ್ನೆಷ್ಟು ಮನೆಯವರು ಹಾಗೆ ನಗಬೇಕು?

ಅವಳು ಬಾಟಲಿಗೆ ಗಳಗಳ ಬ್ಲೀಚ್ ಸುರಿದಳು. ದೊಡ್ಡವರು ಕೈ ಹಿಡಿಯಲು ಬಂದರು, ತಳ್ಳಿದಳು.

"ಗೆದ್ವಿ ಅಂತ ಒಂದ್ಸಲ ನಂಬಿದ್ದೀನಿ ಸರ್. ಸಾಕು."

ನೇರ ಅತಿಥಿಗಳ ಹತ್ತಿರ ಹೋಗಿ, ಇವತ್ತು ಪರೀಕ್ಷೆ ಇಲ್ಲ, ರಕ್ತ ತಣ್ಣಗಾಗಿ ಕೆಟ್ಟಿತು, ಹೊರಗಿಟ್ಟು ಮರೆತವರು ಇವರೇ ಅಂದಳು. ಹಿಂದೆಯೇ ಬಂದಿದ್ದ ದೊಡ್ಡವರ ಮುಖ ಹುಳ್ಳಗಾಯಿತು. ಅಕ್ಕ ವಾಪಸ್ ಬಂದು ಏಸಿ ಆರಿಸಿ, ಇನ್ನೆರಡು ವಾರದ ದುಡಿಮೆಗೆ ಹೊಸ ರಕ್ತದ ಬಾಟಲಿಯನ್ನು ಬೆಚ್ಚಗಾಗಲು ಇಟ್ಟಳು.