ಕುರಿಯ ಎಡಗಿವಿ

ನೀರು, ತಾಲಾಯ್‌ನ ಬೂಟಿಗೆ ಮೆತ್ತಿದ್ದ ಹಿಮ ಕರಗಿ ಕೋರ್ಟಿನ ಹಜಾರದ ನೆಲದ ಮೇಲೆ ಹಾವಿನ ಮರಿಯಂತೆ ಅವಳ ಬೆಂಚಿನ ಕಡೆಗೇ ಬರುತ್ತಿದೆ, ಬರಲಿ, ಸಾದತ್ ಕಾಲು ಹಿಂದಕ್ಕೆಳೆದುಕೊಳ್ಳುವುದಿಲ್ಲ, ಲಾಯರಮ್ಮ ಕಾಲೆಳೆದುಕೊಂಡಳು ಅಂದರೆ ಈ ನರಿನ್ ಊರು ಸಂಜೆಯೊಳಗೆ ಅವಳನ್ನು ಗಡಿ ದಾಟಿಸಿ ಚೀನಾಕ್ಕೇ ಓಡಿಸಿಬಿಡುತ್ತದೆ — ಹೊರಗೆ ಎಂಥ ಚಳಿ, ಆಡಿದ ಮಾತು ಬಾಯಿಂದ ಬಿದ್ದು ಠಣ್ಣೆಂದು ಒಡೆಯುವಂಥ ಚಳಿ, ಒಳಗೆ ಹೀಟರಿನ ಪಕ್ಕ ಆ ಮನುಷ್ಯ ಕಾಲು ಚಾಚಿ ಕೂತಿದ್ದಾನೆ, ನುಣ್ಣಗೆ ಬೋಳಿಸಿದ ಗಲ್ಲ, ಮದುಮಗನ ಹಾಗೆ, ಹೆಂಡತಿಯ ಮಣಿಕಟ್ಟು ಮುರಿದ ಕೈ ತೊಡೆಯ ಮೇಲೆ ಎಷ್ಟು ಸಾಧುವಾಗಿ ಮಲಗಿದೆ, ಬೆಕ್ಕಿನ ಮರಿ ಅನ್ನಬೇಕು, ಏನ್ ಸಾದತ್ ಅಕ್ಕಾ, ನಮ್ಮನೆ ಕುರಿತಲೆ ಇನ್ನೂ ಅರಗಿಲ್ವಾ, ಮುಖ ಯಾಕೆ ಹಂಗಿದೆ, ಅಂದ ತಾಲಾಯ್, ಅವನ ತಾಯಿ ಚಿನ್ನದ ಹಲ್ಲು ಬಿಟ್ಟು ಕಿಸಕ್ಕನೆ ನಕ್ಕಳು, ಅರಗೋದೆಲ್ಲಿಂದ ಬಂತಪ್ಪ, ನಿಮ್ಮನೆ ಕುರಿಗೂ ನಿಂದೇ ಕೊಬ್ಬು, ಅಂದಳು ಸಾದತ್, ಬಾಯಿಗೇನು, ಅದು ತನ್ನಷ್ಟಕ್ಕೆ ಆಡುತ್ತದೆ, ಹೊಟ್ಟೆಯೊಳಗೆ ಮಾತ್ರ ಆ ಕುರಿತಲೆ ನಿಜವಾಗಿಯೂ ಅರಗಿಲ್ಲ, ಮೂರು ವಾರದಿಂದ ಕಲ್ಲಿನ ಹಾಗೆ ಕೂತಿದೆ — ಅಜ್ಜಿಯ ಮಗ್ಗುಲಲ್ಲಿ ಜಿಪಾರ್, ಹತ್ತು ತುಂಬಿದ ಹುಡುಗಿ, ಉಣ್ಣೆಬೂಟಿನ ಕಾಲುಗಳು ನೆಲಕ್ಕೆ ಎಟುಕದೆ ತೂಗುತ್ತಿವೆ, ಹಜಾರದ ಆ ತುದಿಯಲ್ಲಿ ಕೈಗೆ ಪ್ಲಾಸ್ಟರು ಹಾಕಿಕೊಂಡು ನಿಂತ ತಾಯಿ ನುರ್ಜಾದ, ಕೂರಲಾರಳು, ಹತ್ತಿರ ಬರಲಾರಳು, ಮಗಳು ಅತ್ತ ನೋಡುವುದಿಲ್ಲ, ಇತ್ತಲೂ ನೋಡುವುದಿಲ್ಲ, ಬೂಟಿನ ತುದಿ ನೋಡುತ್ತಾಳೆ, ಹತ್ತು ತುಂಬಿದ ಮಗುವನ್ನು ಜಡ್ಜು ಕೇಳಲೇಬೇಕು, ಯಾರ ಜೊತೆ ಇರ್ತೀಯಮ್ಮಾ ಎಂದು, ಬಾಯಿ ಬಿಡದಿದ್ದರೆ ಇದ್ದಲ್ಲೇ ಇರಲಿ ಅಂತ ಬರೆದುಬಿಡುತ್ತಾರೆ, ಇದ್ದಲ್ಲೇ ಅಂದರೆ ಆ ಮನೆಯಲ್ಲಿ, ಆ ಕೈಯ ಕೆಳಗೆ, ಇವತ್ತಲ್ಲದಿದ್ದರೆ ನಾಳೆ ಆ ಕೈಗೆ ಇನ್ನೊಂದು ಮಣಿಕಟ್ಟು ಬೇಕಲ್ಲ, ಹುಡುಗಿಯೋ ತನ್ನ ಪರ ನಿಂತ ಲಾಯರು ಸಾದತ್ ಜೊತೆಗೇ ಮೂರು ವಾರದಿಂದ ಒಂದಕ್ಷರ ಆಡಿಲ್ಲ, ಹೀಗೆ ಮಾಡಿದ್ದು ಯಾರು ಸಾದತ್, ನೀನೇ ಕಣೇ, ನಿನ್ನ ಹಾಳು ಕೈ.

ಶಾಲೆಯಲ್ಲಿ ಮೊದಲ ಸಲ ಸಿಕ್ಕಾಗ ಜಿಪಾರ್ ಮಾತಾಡಿದ್ದಳು, ನಲ್ಲಿಯಲ್ಲಿ ನೀರು ಬಿಟ್ಟ ಹಾಗೆ, ಅಪ್ಪ ಕುಡ್ಕೊಂಡು ಬಂದ್ರೆ ಅಜ್ಜಿ ನನ್ನನ್ನ ಕೌದಿ ರಾಶಿ ಹಿಂದೆ ಕೂರಿಸಿ ಟೀವಿ ಜೋರು ಮಾಡ್ತಾರೆ, ಹಾಡು ಬರ್ತಿರುತ್ತೆ, ಆದ್ರೂ ಕೇಳ್ಸುತ್ತೆ ಅಕ್ಕಾ, ಕೌದಿ ಒಳಗೂ ಕೇಳ್ಸುತ್ತೆ, ಮಿಕ್ಕಿದ್ದು ಮುಂದಿನ ಸಲ ಹೇಳ್ತೀನಿ — ಆ ಮುಂದಿನ ಸಲ ಬಂದದ್ದು ಅವರ ಮನೆಯಲ್ಲೇ, ಮಗು ಇರುವ ಮನೆ ನೋಡಿ ಬರಬೇಕು, ಅದು ಕೋರ್ಟಿನ ಕ್ರಮ, ನೋಡಿ ಎದ್ದು ಬಂದಿದ್ದರೆ ಆಗುತ್ತಿತ್ತು, ಆದರೆ ಬಾಗಿಲಲ್ಲಿ ಕುರಿಯ ರಕ್ತ ಹಿಮದ ಮೇಲೆ ಇನ್ನೂ ಹಬೆಯಾಡುತ್ತಿತ್ತು, ನಿಮ್ಗೋಸ್ಕರ ಕೊಯ್ದಿದೀವಿ, ಉಣ್ಣದೆ ಹೋದ್ರೆ ನಮ್ಮ ಏಳು ತಲೆಮಾರಿನ ಮುಖಕ್ಕೆ ಉಗಿದ ಹಂಗೆ, ಅಂದಿದ್ದಳು ಮುದುಕಿ, ಸರಿ ಕೂತಳು, ಬೆಂದ ತಲೆಯನ್ನು ತಟ್ಟೆಯಲ್ಲಿಟ್ಟು ತಾಲಾಯ್ ತಂದದ್ದು ಅವಳ ಮುಂದಕ್ಕೇ, ಅವಳ ಮುಂದಕ್ಕೆ, ಗಂಡಸರ ಮುಂದೆ ಇಡುವ ತಲೆಯನ್ನು, ಅಕ್ಕಾ ನೀವು ಹತ್ತು ಗಂಡಸರಿಗೆ ಸಮ ಅಂದ, ಅಯ್ಯೋ ಆ ಕ್ಷಣ, ಗಂಡ ಬದುಕಿದ್ದಷ್ಟು ದಿನ ತಲೆಯೆಲ್ಲ ಅವನ ಪಾಲು, ಅವಳಿಗೆ ಬಾಲದ ಮೂಳೆ, ಅವನು ಗೋರಿಯಿಂದ ಎದ್ದು ಬಂದು ನೋಡಬೇಕಿತ್ತು, ಎದೆ ಹೇಗೆ ಉಬ್ಬಿತೆಂದರೆ ಆ ಮನೆಯ ಮಾಡು ಎಗರಿ ಸೋನ್‌ಕುಲ್ ಸರೋವರದಲ್ಲಿ ಬೀಳಬೇಕಿತ್ತು, ಹೀಗೆ ಉಬ್ಬಿಕೊಂಡೇ ಚಾಕು ತೆಗೆದುಕೊಂಡಳು, ಅತಿಥಿ ಮಾಡುವುದನ್ನೇ ಮಾಡಿದಳು, ಎಲ್ಲ ಮನೆಯಲ್ಲೂ ಎಲ್ಲರೂ ಮಾಡುವುದು, ಎಡಗಿವಿ ಕೊಯ್ದು ಮನೆಯ ಮಗುವಿನ ಕಡೆ ಚಾಚಿದಳು, ತಗೋ ಪುಟ್ಟಿ, ದೊಡ್ಡೋರ ಮಾತು ಕೇಳ್ಕೊಂಡು ಬೆಳಿ — ಬಾಯಿಂದ ಜಾರಿದ್ದು, ಸಾವಿರ ಮಕ್ಕಳಿಗೆ ಅಂದದ್ದು, ಕೊಬ್ಬು ಇನ್ನೂ ಬೆರಳಿನಿಂದ ತೊಟ್ಟಿಕ್ಕುತ್ತಿತ್ತು, ಹುಡುಗಿ ಅಪ್ಪನನ್ನು ನೋಡಿದಳು, ಚಾಕುವನ್ನು ನೋಡಿದಳು, ಸಾದತ್‌ಳನ್ನು ನೋಡಿದಳು, ಆಮೇಲೆ ಕಣ್ಣಿನ ಒಳಗಡೆ ಏನೋ ಬಾಗಿಲು ಹಾಕಿಕೊಂಡಿತು, ಎರಡೂ ಕೈ ಚಾಚಿ ತೆಗೆದುಕೊಂಡಳು, ತಿನ್ನಲಿಲ್ಲ, ಕೇಳಿದ್ಯಾ ಲಾಯರಮ್ಮ ಏನಂದ್ರು ಅಂತ, ದೊಡ್ಡೋರ ಮಾತು ಕೇಳ್ಬೇಕಂತೆ, ಅಂದ ತಾಲಾಯ್ ನಗುತ್ತ, ಎಷ್ಟು ಚೆನ್ನಾಗಿ ನಕ್ಕ.

ಮಗು ಒಳಗೆ ಬರ್ಲಿ, ಲಾಯರು ಬರ್ಲಿ, ಟೀಚರು ಬರ್ಲಿ, ಅಪ್ಪ ಅಮ್ಮ ಹೊರಗೇ ಇರ್ಲಿ — ಒಳಗಿಂದ ಕೂಗಿದರು, ಸಾದತ್ ಎದ್ದಳು, ಮುದುಕಿ ಹುಡುಗಿಯ ಟೋಪಿ ಸರಿಮಾಡುತ್ತಾಳೆ, ಬೇಕಾದ್ದಕ್ಕಿಂತ ಬಿಗಿಯಾಗಿ, ಮನೇಲಿ ಹೇಳಿದ್ದು ನೆನಪೈತಲ್ಲ ಬಂಗಾರಿ, ನೆನಪಿದೆ ಎನ್ನುವಂತೆ ತಲೆಯಾಡಿತು, ಒಳಗೆ ಜಡ್ಜು, ನೆಗಡಿಯಾದ ಹುಡುಗ, ಸಾದತ್‌ಳ ಕಿರಿ ಮಗನ ವಯಸ್ಸು, ಮೂಗೊರೆಸಿಕೊಂಡು ಕೇಳಿದ, ಜಿಪಾರ್, ಹೆದರ್ಕೋಬೇಡಮ್ಮ, ನಿಂಗೆ ಯಾರ ಹತ್ರ ಇರೋಕಿಷ್ಟ, ಮಗುವಿನ ಧೈರ್ಯಕ್ಕೆಂದು ಕರೆಸಿದ ಟೀಚರು ಬೆನ್ನು ಸವರಿದಳು, ಹೇಳು ಪುಟ್ಟಾ, ಹುಡುಗಿ ಬೂಟು ನೋಡುತ್ತಾಳೆ, ಕಿಟಕಿಯ ಗಾಜಿಗೆ ಮಂಜು ಹೂವು ಬಿಟ್ಟಿದೆ, ಗೋಡೆಯ ಆಚೆ ತಾಲಾಯ್ ಕೆಮ್ಮುತ್ತಾನೆ, ಕೆಮ್ಮಲ್ಲ ಅದು, ಕೇಳಿಸಲಿ ಎಂದೇ ಕೆಮ್ಮಿದ್ದು, ಹುಡುಗಿಯ ಭುಜ ಕಿವಿಯವರೆಗೆ ಏರಿತು, ಮಾತಾಡೇ ತಾಯಿ, ನಾನು ಪೆದ್ದಿ, ನಾನು ಮುದಿಗೂಬೆ, ನನ್ನ ಮೇಲಿನ ಸಿಟ್ಟಿಗೆ ನಿನ್ನ ಬದುಕು ಹಾಳುಮಾಡ್ಕೋಬೇಡ, ಬಾಯಿಬಿಟ್ಟು ಅನ್ನುವ ಹಾಗಿಲ್ಲ, ಮಗುವಿಗೆ ಹೇಳಿಕೊಟ್ಟರು ಅಂತಾರೆ, ಜಡ್ಜು ಪೆನ್ನೆತ್ತಿದ, ಸರಿ, ಏನೂ ಹೇಳಲ್ಲ ಅಂತ ಬರ್ಕೊಳ್ಳೋಣ, ತಾಳಿ ಸ್ವಾಮಿ ಒಂದೇ ಒಂದು ನಿಮಿಷ, ಅಂದಳು ಸಾದತ್ — ಆಗ ಹುಡುಗಿ ಬಗ್ಗಿದಳು, ಬೂಟು ಕಳಚಿದಳು, ಏನಿದು, ಉಣ್ಣೆಯ ಕಾಲುಚೀಲದೊಳಗೆ ಬೆರಳು ಹಾಕಿ ಏನನ್ನೋ ಎಳೆಯುತ್ತಾಳೆ, ಕಪ್ಪಗೆ, ಒಣಗಿ ಮುರುಟಿದ್ದು, ಕೋಣೆಗೆಲ್ಲ ಹಳೇ ಕೊಬ್ಬಿನ ವಾಸನೆ, ಜಡ್ಜಿನ ಕಟ್ಟಿದ ಮೂಗಿಗೂ ತಾಗಿತು, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈ ಚಾಚಿ ಸಾದತ್‌ಳ ಅಂಗೈಯಲ್ಲಿ ಇಟ್ಟಳು, ನಂಗೆ ಬೇಡ ಅಕ್ಕಾ, ನಾನು ಆ ಮನೇಲಿ ಎಲ್ಲಾ ಕೇಳಿ ಆಗಿದೆ, ನೀವಿಟ್ಕೊಳ್ಳಿ, ಈಗ ನೀವು ಕೇಳಿ, ಅಂದು ಜಡ್ಜಿನ ಕಡೆ ತಿರುಗಿ, ಅಜ್ಜಿ ಟೀವಿ ಜೋರು ಮಾಡಿದ್ರಲ್ಲ ಅವತ್ತು, ಹಾಡು ಮುಗ್ದು ಇನ್ನೊಂದು ಹಾಡು ಶುರುವಾಗೋ ಮುಂಚೆ ಸ್ವಲ್ಪ ಹೊತ್ತು ಏನೂ ಇರಲ್ಲ, ಅಷ್ಟರಲ್ಲಿ ಅಮ್ಮನ ಕೈ ಲಟಕ್ಕಂತ — ಪೆನ್ನು ಓಡುತ್ತಿದೆ, ಗೋಡೆಯ ಆಚೆ ಮತ್ತೆ ಕೆಮ್ಮು, ಹುಡುಗಿ ನಿಲ್ಲಿಸಲಿಲ್ಲ, ಸಾದತ್‌ಳ ಅಂಗೈಯಲ್ಲಿ ಕಿವಿ, ಮಗುವಿನ ಕಾಲಿನ ಕಾವು ಇನ್ನೂ ಆರದ ಕಿವಿ, ಅವಳೇ ಕೊಯ್ದದ್ದು, ಕಿವಿ