ಒರೆಸಿದ ತಟ್ಟೆ

ಚೆನ್ನರಾಯಪ್ಪ ಚಟ್ಟಕ್ಕೆ ಕೊನೆಯ ಗಂಟು ಹಾಕುವಷ್ಟರಲ್ಲಿ ತನುಜ ಓಡಿಬಂದು ಹಗ್ಗ ಹಿಡಿದುಕೊಂಡಳು.

"ದೊಡ್ಡಪ್ಪ, ಇನ್ನೊಂದ್ ಸ್ವಲ್ಪ ಹೊತ್ತು. ಬೆಂಗ್ಳೂರಿಂದ ಫೋನ್ ಬರ್ಬೇಕು."

"ಬಿಸ್ಲು ನೆತ್ತಿಗೆ ಬಂತಲ್ಲಮ್ಮಾ. ಮಣ್ಣಾಗಗಂಟ ಒಲೆ ಹಚ್ಚಂಗಿಲ್ಲ. ದಿಬ್ಬೂರಹಳ್ಳಿಯಿಂದ ಬಂದೋರು ಬೆಳಗ್ಗಿಂದ ಹಸ್ಕೊಂಡವ್ರೆ. ಇನ್ ಯಾರ್ ಬರ್ಬೇಕು?"

"ಯಾರೂ ಬರಲ್ಲ. ಅಪ್ಪನ ಹಾಡು ಬರ್ಬೇಕು."

ಚೆನ್ನರಾಯಪ್ಪ ಹಗ್ಗ ಬಿಟ್ಟ. ಸತ್ತ ತಮ್ಮನ ಮಾತು ಬಂದರೆ ಅವನ ಜೋರೆಲ್ಲ ಇಳಿದುಹೋಗುತ್ತಿತ್ತು. ಶಿಡ್ಲಘಟ್ಟದ ಆ ಕೇರಿಯಲ್ಲಿ ಯಾರು ಸತ್ತರೂ ಹೆಣದ ಮುಂದೆ ತತ್ವಪದ ಹಾಡಲು ಆ ತಮ್ಮ ಕೆಂಪರಾಜು ಬೇಕೇ ಬೇಕಿತ್ತು. ಕೊರೊನಾ ಕಾಲದಲ್ಲಿ ಅವನೇ ಸತ್ತಾಗ ಹಾಡುವುದಿರಲಿ, ಮುಖ ನೋಡಲೂ ಬಿಡಲಿಲ್ಲ. ಅಂದಿನಿಂದ ಅವನ ಹೆಂಡತಿ ಗಂಗುಲಮ್ಮನದು ಒಂದೇ ಹಟ: ತನ್ನನ್ನು ಎತ್ತುವ ಮುಂಚೆ ಗಂಡನ ಹಾಡು ಹಾಕಬೇಕು. ಮಗಳು ತನುಜ ರೆಕಾರ್ಡ್ ಮಾಡಿಟ್ಟ ಅವನ ಹಾಡುಗಳು ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಬೇರೆಲ್ಲೂ ಇರಲಿಲ್ಲ.

ಈಗ ಗಂಗುಲಮ್ಮ ಬಾಗಿಲ ಮುಂದೆ ಚಾಪೆಯ ಮೇಲೆ ಹೆಣವಾಗಿ ಮಲಗಿದ್ದಳು. ಡಿಸ್ಕು ಬೆಂಗಳೂರಿನ ಒಂದು ರಿಪೇರಿ ಅಂಗಡಿಯಲ್ಲಿತ್ತು.

* * *

ಎರಡು ವರ್ಷದ ಹಿಂದೆ ಆ ಡಿಸ್ಕು ಗೋಡೆಯ ಹಲಗೆಯಿಂದ ಜಾರಿ ಬಿದ್ದದ್ದು ನೆಲಕ್ಕಲ್ಲ, ರೇಷ್ಮೆ ಗೂಡು ಬೇಯುತ್ತಿದ್ದ ನೀರಿಗೆ. ಅದನ್ನು ಹಲಗೆಯ ಮೇಲೆ ಮರೆತು ಕೆಲಸಕ್ಕೆ ಹೋಗಿದ್ದವಳು ತನುಜ. ಗಂಗುಲಮ್ಮ ಮದುವೆಯಾಗಿ ಬಂದಂದಿನಿಂದ ಮನೆಯಲ್ಲೇ ನೂಲು ಬಿಚ್ಚುತ್ತಿದ್ದವಳು. ನೀರಿಗೆ ಬಿದ್ದದ್ದನ್ನು ಬಿಚ್ಚಬೇಕು, ಒರೆಸಬೇಕು, ಒಣಗಿಸಬೇಕು. ಅವಳಿಗೆ ಗೊತ್ತಿದ್ದದ್ದು ಇಷ್ಟೇ. ಗಂಡನ ಮೈಕ್‌ಸೆಟ್ಟಿನ ಡಬ್ಬಿಯಿಂದ ಸ್ಕ್ರೂಡ್ರೈವರ್ ತಂದು ಹೇಗೋ ಮುಚ್ಚಳ ತೆಗೆದಳು. ಒಳಗಿನ ಹೊಳೆಯುವ ತಟ್ಟೆಯ ಮೇಲೆ ಹುಳುವಿನ ಜಿಡ್ಡು ಕೂತಿತ್ತು. ಹತ್ತಿಬಟ್ಟೆ ಒರಟಾದೀತೆಂದು, ಇದ್ದ ಒಂದೇ ರೇಷ್ಮೆ ಸೀರೆ ತೆಗೆದು ಅದರ ಸೆರಗಿನಲ್ಲಿ ಉಜ್ಜಿದಳು. ಊರಿಗೆಲ್ಲ ರೇಷ್ಮೆ ಬಿಚ್ಚಿಕೊಟ್ಟವಳ ಸ್ವಂತ ಆಸ್ತಿ ಅದೊಂದೇ ಸೀರೆ.

ಸಂಜೆ ಮನೆಗೆ ಬಂದ ಮಗಳಿಗೆ ಹಿಗ್ಗಿ ಹಿಗ್ಗಿ ತೋರಿಸಿದಳು. "ನೋಡಮ್ಮ, ಮುಖ ಕಾಣ್ತೈತೆ! ಒಂದ್ ಚುಕ್ಕೆ ಇಲ್ಲ."

ತನುಜ ತಲೆಯ ಮೇಲೆ ಕೈ ಹೊತ್ತಳು. "ನೀನ್ ಉಜ್ಜಿದ್ದು ಅಪ್ಪನ್ನ ಕಣಮ್ಮ. ನಿನ್ ಕೈಯಾರ ಅಪ್ಪನ್ನ ಒರ್ಸಾಕ್ಬಿಟ್ಟೆ."

ಗಂಗುಲಮ್ಮ ಸೀರೆ ಮಡಚಿಕೊಂಡು ಒಳಗೆ ಹೋದಳು.

ತನುಜ ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿಗೆ ತುರುಕಿದಳು. ಕೆಲವು ದಿನ ಸಿಟ್ಟಿತ್ತು. ಆಮೇಲೆ ಸೋಮಾರಿತನ. ಆಮೇಲೆ, ಇನ್ನೇನು ಉಳಿದಿರುತ್ತದೆ ಎಂಬ ಉಡಾಫೆ. ತಾಯಿ ಅಳುಕುತ್ತಲೇ "ಯಾರ್ಗಾನ ತೋರಿಸ್ದೇನಮ್ಮ?" ಎಂದು ಕೇಳಿದಾಗಲೆಲ್ಲ "ತೋರಿಸ್ತೀನಿ ಇರು" ಎನ್ನುತ್ತಿದ್ದಳು. ಕೊನೆಗೆ ತೋರಿಸಿದ್ದು ತಾಯಿ ಆಸ್ಪತ್ರೆ ಸೇರಿದ ಮೇಲೆ.

* * *

ಫೋನ್ ಬಂತು. ರಿಪೇರಿ ಅಂಗಡಿಯ ಸುನೀಲ್‌ಕುಮಾರ್.

"ಮೇಡಂ, ಹಾಡು ಯಾವುದೂ ಸಿಗ್ಲಿಲ್ಲ. ಒಂದು ಚೂರು ಮಾತು ಸಿಕ್ಕಿದೆ ಅಷ್ಟೇ."

"ನಮ್ಮಮ್ಮ ಒರೆಸಿದ್ದಕ್ಕಾ?"

"ಅಲ್ಲ ಮೇಡಂ. ಅವರ ಕೈಗೆ ಎಟುಕಿರೋದು ಮೇಲಿನ ತಟ್ಟೆ ಮಾತ್ರ. ನಿಮ್ಮ ಫೈಲೆಲ್ಲ ಇದ್ದಿದ್ದು ಕೆಳಗಿನದ್ರಲ್ಲಿ. ಕವರಲ್ಲಿ ಸುತ್ತಿಟ್ಟು ಪಸೆ ಒಳಗೇ ಕೂತು ಹಾಳಾಗಿದೆ. ಆಗ್ಲೇ ತಂದಿದ್ರೆ ಮುಕ್ಕಾಲುಪಾಲು ಸಿಗ್ತಿತ್ತು."

ಗಂಡನನ್ನು ತಾನೇ ಅಳಿಸಿದೆ ಎಂದುಕೊಂಡೇ ತಾಯಿ ಎರಡು ವರ್ಷ ಬದುಕಿದ್ದಳು, ಹಾಗೆಂದುಕೊಂಡೇ ಸತ್ತಿದ್ದಳು. ಅದು ಸುಳ್ಳು ಎಂದು ಹೇಳಲು ಇನ್ನು ಕೇಳುವವರಿಲ್ಲ. ತನುಜ ಚಾಪೆಯ ಬಳಿ ಕುಸಿದು ತಾಯಿಯ ಕಿವಿಗೆ ಬಾಯಿಟ್ಟು, "ನೀನಲ್ಲ ಕಣಮ್ಮ, ನಾನು. ನೀನಲ್ಲ, ನಾನು," ಎಂದಳು. ಸುತ್ತ ಇದ್ದವರು ಅದನ್ನೂ ಅಳುವೆಂದೇ ತಿಳಿದರು.

"ಎತ್ತಣವೇನಮ್ಮಾ?" ಎಂದ ಚೆನ್ನರಾಯಪ್ಪ. ನಾಲ್ವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಯಾರಾಗಿ ನಿಂತಿದ್ದರು.

ಅಷ್ಟರಲ್ಲಿ ಆ ಚೂರು ಫೋನಿಗೆ ಬಂತು. ತನುಜ ಅದನ್ನು ಸ್ಪೀಕರಿಗೆ ಹಾಕಿದಳು. ಮೊದಲು ಗರಗರ ಸದ್ದು. ಆಮೇಲೆ ಕೆಂಪರಾಜು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಲೇ ಗಂಗೂ, ಊರೋರೆಲ್ಲ ಕೇಳ್ತಾರೆ, ನೀನೊಬ್ಳು ಕೇಳಲ್ಲ. ಒಂದ್ಸಲ ಬಂದು ಕೂತ್ಕೊಳೇ."

ದೂರದಿಂದ ಗಂಗುಲಮ್ಮನ ದನಿ. "ನೀನ್ ಹಾಡ್ಕೊ ಹೋಗಯ್ಯ, ಗೂಡು ಬೇಯ್ತಾ ಐತೆ. ಆಮ್ಯಾಕ್ ಕೇಳ್ತೀನಿ."

"ಆಮ್ಯಾಕೆ ಅಂದ್ರೆ ಯಾವಾಗ್ಲೇ?"

ಅಲ್ಲಿಗೆ ಮುಗಿಯಿತು. ತನುಜ ಮತ್ತೆ ಹಾಕಿದಳು. ಮತ್ತೆ ಅದೇ ಕೆಮ್ಮು, ಅದೇ ಕರೆ.

ಬೆಳಗಿನಿಂದ ಅವಸರ ಮಾಡುತ್ತಿದ್ದ ಚೆನ್ನರಾಯಪ್ಪ ಫೋನಿನ ಮುಂದೆ ಮಣ್ಣಿನ ಮೇಲೆ ಕಾಲು ಮಡಚಿ ಕೂತ. ಎತ್ತಲು ನಿಂತಿದ್ದ ನಾಲ್ವರೂ ಒಬ್ಬೊಬ್ಬರಾಗಿ ಹೆಗಲ ಟವೆಲ್ ತೆಗೆದು ಹಾಸಿಕೊಂಡು ಅವನ ಪಕ್ಕದಲ್ಲಿ ಕೂತರು.